ಬಂಗಾರದ ಎಲೆ: ಅಸಲೋ, ಬಡ್ಡಿಯೋ?

ದಸರಾ ಹಿಂದಿನ ದಿನ ಕಲ್ಯಾಣ, ಠಾಣೆ ಸ್ಟೇಷನ್ನುಗಳ ಹೊರಗೆ ಕಾಲಿಡಲು ಜಾಗ ಇರುವುದಿಲ್ಲ. ಚೆಂಡುಹೂವಿನ ರಾಶಿ, ಭತ್ತದ ತೆನೆ, ಪಕ್ಕದಲ್ಲಿ ಹಸಿರು ಟೊಂಗೆಗಳ ಕಟ್ಟು. ಇದೇ ಆಪ್ಟಾ, ಮರಾಠಿ ಜನ ದಸರೆಯಂದು 'ಸೋನೆ' ಎಂದು ಒಬ್ಬರಿಗೊಬ್ಬರು ಕೊಡುವ ಎಲೆ.

ನಮ್ಮ ಉತ್ತರ ಕರ್ನಾಟಕದವರು ಬನ್ನಿ ಕೊಟ್ಟು "ಬಂಗಾರದ್ಹಾಂಗ ಇರೋಣ" ಅಂತಾರೆ. ಇಲ್ಲಿಗೆ ಬಂದ ಮೇಲೆ ಅನೇಕರು ಆಪ್ಟಾವನ್ನೇ ಬನ್ನಿ ಎಂದುಕೊಂಡಿದ್ದಾರೆ. ಎರಡೂ ಬೇರೆ ಮರಗಳು. ಬನ್ನಿ ಮುಳ್ಳಿನ ಮರ, ಅದರ ಎಲೆ ಬಲು ಸಣ್ಣ. ಆಪ್ಟಾ ಎಲೆ ಹಸುವಿನ ಗೊರಸಿನಂತೆ ಎರಡು ಸೀಳು. ಕೌತ್ಸನ ಗುರುದಕ್ಷಿಣೆಗಾಗಿ ರಘುರಾಜ ಕುಬೇರನ ಮೇಲೆ ದಂಡೆತ್ತಲು ಹೊರಟಾಗ, ಕುಬೇರ ಹೆದರಿ ಈ ಮರದ ಮೇಲೆ ಹೊನ್ನಿನ ಮಳೆ ಸುರಿಸಿದನಂತೆ.

ಕಥೆ ಚೆನ್ನಾಗಿದೆ. ಆದರೆ ಆ ಮರದ ಗತಿ ಏನು? ಆಪ್ಟಾ ಒಣ ಕಾಡಿನ ಸಣ್ಣ ಮರ. ಬೇಸಿಗೆಗೆ ಮುಂಚೆ ಎಲೆ ಉದುರಿಸುತ್ತದೆ. ಮಳೆಗಾಲದ ಎಲೆಯೇ ಅದರ ವರ್ಷದ ಸಂಪಾದನೆ. ದಸರೆಗೆ ಕಾಯಿ ಇನ್ನೂ ಬಲಿತಿರುವುದಿಲ್ಲ. ಆಗ ಟೊಂಗೆ ಕಡಿದರೆ ಎಲೆಯೂ ಹೋಯ್ತು, ಬೀಜವೂ ಹೋಯ್ತು. ಬೇಡಿಕೆ ಹೆಚ್ಚಾದಾಗ ಅದೇ ಜಾತಿಯ ಮಂದಾರದ ದೊಡ್ಡ ಎಲೆಯನ್ನೇ ಆಪ್ಟಾ ಅಂತ ಮಾರುವುದೂ ಉಂಟು.

ಹಾಗಾದರೆ ಕೀಳುವುದನ್ನೇ ನಿಲ್ಲಿಸಬೇಕೇ? ಅಷ್ಟು ಸುಲಭವಲ್ಲ. ಠಾಣೆಯ ಯೇವೂರು ಕಾಡು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಭಾಗ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಲ್ಲಿಂದ ಯಾರೋ ಹೋಗಿ ಟೊಂಗೆ ತರುವಂತಿಲ್ಲ. ಇನ್ನೊಂದು ಕಡೆ 2006ರ ಅರಣ್ಯ ಹಕ್ಕು ಕಾಯ್ದೆ, ಕಾಡಿನಲ್ಲೇ ಬಾಳಿದ ಆದಿವಾಸಿಗಳಿಗೆ ಕಿರು ಉತ್ಪನ್ನಗಳನ್ನು ಕೂಡಿಸಿ ಮಾರುವ ಹಕ್ಕನ್ನು ಒಪ್ಪಿದೆ. ಪೇಟೆಯಲ್ಲಿ ಎಲೆ ಹಾಸಿಕೊಂಡು ಕೂತ ವಾರ್ಲಿ, ಕಾತ್ಕರಿ ಹೆಂಗಸಿಗೆ ಅದು ಹಬ್ಬವಲ್ಲ, ಕೂಳು. ಲಾರಿ ತುಂಬ ಟೊಂಗೆ ತರಿಸುವ ವ್ಯಾಪಾರಿಯನ್ನೂ ಆಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ದೂರದ ಹವಾಯಿ ದ್ವೀಪಗಳಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಅಲ್ಲಿನ ಹೂಲಾ ಕುಣಿತದವರು ಕಾಡಿನ ಎಲೆ, ಹೂವುಗಳಿಂದಲೇ ಸಿಂಗರಿಸಿಕೊಳ್ಳುತ್ತಾರೆ. ಕೀಳುವ ಮುಂಚೆ ಪ್ರಾರ್ಥನೆ, ಬೇಕಾದಷ್ಟೇ ಕೀಳುವುದು, ಇದು ಅವರ ಪದ್ಧತಿ. ಅವರಿಗೆ ಪ್ರಿಯವಾದ ಓಹಿಯ ಮರಕ್ಕೆ ಒಂದು ಬೂಷ್ಟು ರೋಗ ತಗುಲಿದ್ದು 2014ರಲ್ಲಿ ಗೊತ್ತಾಯಿತು. ಮರಕ್ಕೆ ಗಾಯವಾದ ಕಡೆಯಿಂದ ಅದು ಒಳಗೆ ಇಳಿಯುತ್ತದೆ. 2016ರ ಹೀಲೋ ಊರಿನ ದೊಡ್ಡ ಹೂಲಾ ಉತ್ಸವದಲ್ಲಿ ಅನೇಕ ತಂಡಗಳು ಆ ಕೆಂಪು ಹೂವನ್ನೇ ಬಿಟ್ಟು ಕುಣಿದವು. ಕುಣಿತ ನಿಲ್ಲಲಿಲ್ಲ.

ನಮ್ಮ ಅಕೌಂಟ್ಸ್ ಪೀರಿಯಡ್ಡಿನ ಮೊದಲ ಪಾಠ, ಅಸಲು ಬೇರೆ, ಬಡ್ಡಿ ಬೇರೆ. ಎಲೆ ಬಡ್ಡಿ; ಟೊಂಗೆ, ಬೀಜ ಎಲ್ಲ ಅಸಲು. ಬಡ್ಡಿ ತಿಂದವನು ಬದುಕುತ್ತಾನೆ, ಅಸಲು ತಿಂದವನು ದಿವಾಳಿ. ಆದ್ದರಿಂದ ಗೆಳೆಯರೇ, ಈ ಸಲ ಕಟ್ಟು ಬೇಡ, ಮನೆಗೆ ನಾಲ್ಕು ಎಲೆ ಸಾಕು. ಅದನ್ನೂ ಬಿಡಿ ಎಲೆ ಮಾರುವ ಆದಿವಾಸಿ ಹೆಂಗಸಿನ ಹತ್ತಿರವೇ, ಚೌಕಾಸಿ ಮಾಡದೆ ಕೊಳ್ಳೋಣ. ಸೊಸೈಟಿಯ ಅಂಗಳದಲ್ಲೋ ಕಾಲೇಜಿನ ಮೂಲೆಯಲ್ಲೋ ಒಂದು ಆಪ್ಟಾ ಸಸಿ ನೆಡೋಣ. ಹಿರಿಯರ ಕಾಲು ಮುಟ್ಟಿ ಕೊಡುವ ಬಂಗಾರ ನಮ್ಮ ಮರದ್ದೇ ಆಗಿರಲಿ.