ಕಸೂತಿ ಯಂತ್ರದ ಸವೆದ ಕೊಕ್ಕೆ

ಮದುವೆಯ ದಿನಗಳು ಸಮೀಪಿಸಿದಾಗ ಸಾಗರ, ಹೊಸನಗರ, ತೀರ್ಥಹಳ್ಳಿಗಳ ದರ್ಜಿಗಳಿಗೆ ಬಿಡುವಿರುವುದಿಲ್ಲ. ರವಿಕೆಯ ತೋಳಿಗೆ ಹೂಬಳ್ಳಿಯನ್ನು ಹೆಣೆಯುವ ಕಸೂತಿ ಯಂತ್ರವು ಅಂಥ ಹೊತ್ತಿನಲ್ಲಿ ನಡುನಡುವೆ ಹೊಲಿಗೆ ತಪ್ಪಿಸತೊಡಗಿದರೆ, ಮೇಲಿಂದ ಮೇಲೆ ದಾರ ಹರಿಯತೊಡಗಿದರೆ, ಅಂದಿನ ಸಂಪಾದನೆಗೇ ಸಂಚಕಾರ. ಮೊದಲು ದಾರದ ಮೇಲೆ ಸಂಶಯ, ಬಳಿಕ ಸೂಜಿಯ ಮೇಲೆ. ಎರಡನ್ನೂ ಬದಲಿಸಿದ ಮೇಲೂ ದೋಷ ಹೋಗದಿದ್ದರೆ, ತಟ್ಟೆಯ ಕೆಳಗೆ ಕಣ್ಣಿಗೆ ಬೀಳದಂತೆ ತಿರುಗುತ್ತಿರುವ ಉಕ್ಕಿನ ಕೊಕ್ಕೆಯನ್ನು ಪರೀಕ್ಷಿಸಬೇಕು. ಕುಶಲಕರ್ಮಿಗಳು ಇದನ್ನು ‘ಹುಕ್’ ಎನ್ನುತ್ತಾರೆ.

ಧಾರವಾಡದ ಕಡೆಯ ಕೈಕಸೂತಿಯಲ್ಲಿ ಸೂಜಿಯು ಬಟ್ಟೆಯನ್ನು ಪೂರ್ತಿಯಾಗಿ ದಾಟಿ ದಾರವನ್ನು ತನ್ನೊಡನೆ ಆಚೆಗೆ ಒಯ್ಯುತ್ತದೆ. ಯಂತ್ರದ ಸೂಜಿಗೆ ಆ ಸ್ವಾತಂತ್ರ್ಯವಿಲ್ಲ. ಹೋದ ದಾರಿಯಲ್ಲೇ ಅದು ಹಿಂದಿರುಗಬೇಕು. ಆದುದರಿಂದ ಮೇಲಿನ ದಾರಕ್ಕೆ ಕೆಳಗಿನ ದಾರವನ್ನು ತೊಡಕಿಸಲು ಮತ್ತೊಂದು ಅಂಗ ಬೇಕು. ಅಮೆರಿಕದ ಅಲೆನ್ ವಿಲ್ಸನ್ 1851ರಲ್ಲಿ ಪೇಟೆಂಟ್ ಪಡೆದ ತಿರುಗುಕೊಕ್ಕೆಯ ತತ್ತ್ವವೇ ಇಂದಿನ ಗಣಕಚಾಲಿತ ಯಂತ್ರದಲ್ಲಿಯೂ ಕೆಲಸ ಮಾಡುತ್ತಿದೆ.

ಸೂಜಿಯ ಚಲನೆಯನ್ನು ಗಮನಿಸಿರಿ. ಅದು ಗಡಿಯಾರದ ಲೋಲಕದಂತೆ ನಡುದಾರಿಯಲ್ಲಿ ವೇಗವಾಗಿಯೂ ತುದಿಗಳಲ್ಲಿ ಮಂದವಾಗಿಯೂ ಚಲಿಸುತ್ತದೆ. ಅತ್ಯಂತ ಕೆಳಗಿನ ಸ್ಥಾನವನ್ನು ಮುಟ್ಟಿ, ಮತ್ತೆ ಸುಮಾರು 2 ಮಿಲಿಮೀಟರ್ ಏರುವಷ್ಟರಲ್ಲಿ, ಬಟ್ಟೆಯ ಘರ್ಷಣೆಯಿಂದಾಗಿ ದಾರವು ಸೂಜಿಯೊಡನೆ ಏರಲಾರದೆ ಅದರ ಹಿಂಬದಿಯಲ್ಲಿ ಪುಟ್ಟ ಕುಣಿಕೆಯಾಗಿ ಉಬ್ಬುತ್ತದೆ. ಕೊಕ್ಕೆಯ ಮೊನೆ ಆ ಕುಣಿಕೆಯೊಳಗೆ ನುಸುಳಿ, ಅದನ್ನು ಹಿಗ್ಗಿಸಿ, ಕೆಳದಾರ ಸುತ್ತಿಟ್ಟ ಬಾಬಿನ್ನಿನ ಆಚೆಗೆ ದಾಟಿಸುತ್ತದೆ. ಒಂದು ಲೆಕ್ಕ ಹಾಕೋಣ. ನಿಮಿಷಕ್ಕೆ 800 ಹೊಲಿಗೆಗಳಾದರೆ ಒಂದಕ್ಕೆ 75 ಮಿಲಿಸೆಕೆಂಡು. ಸೂಜಿಯ ಏರಿಳಿತ 30 ಮಿಲಿಮೀಟರ್ ಎಂದಿಟ್ಟುಕೊಂಡರೆ, ಆ 2 ಮಿಲಿಮೀಟರ್ ಏರಲು ಯಂತ್ರದ ಮುಖ್ಯ ದಂಡವು ಸುಮಾರು 30 ಡಿಗ್ರಿ ತಿರುಗಬೇಕು. ಹಿಡಿಯುವ ಕಾಲ 6 ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಕೊಕ್ಕೆ ಬರಬೇಕಾದದ್ದು ಆ ಕ್ಷಣಕ್ಕೇ. ಮೊದಲೇ ಬಂದರೆ ಕುಣಿಕೆ ಇನ್ನೂ ಮೂಡಿರುವುದಿಲ್ಲ. ತಡವಾದರೆ ಅದು ವಾಲಿಹೋಗಿರುತ್ತದೆ. ಮೊನೆ ಮೊಂಡಾಗಿದ್ದರಂತೂ ಕುಣಿಕೆಯನ್ನು ಹೊಗುವ ಬದಲು ತಳ್ಳುತ್ತದೆ, ಇಲ್ಲವೆ ದಾರದ ಎಳೆಗಳನ್ನೇ ಸೀಳುತ್ತದೆ.

ಮೆದುವಾದ ದಾರವು ಗಡುಸಾದ ಉಕ್ಕನ್ನು ಸವೆಸುವುದೆಂತು? ಬಾವಿಯ ಕಲ್ಲಿನಲ್ಲಿ ಹಗ್ಗ ಮೂಡಿಸಿದ ಗೀರನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿರದು. ಪ್ರತಿ ಹೊಲಿಗೆಗೂ ಕೊಕ್ಕೆ ಎರಡು ಸುತ್ತು ತಿರುಗುತ್ತದೆ. ಎಂಟು ಗಂಟೆ ಎಡೆಬಿಡದೆ ನಡೆದರೆ 7,68,000 ಸುತ್ತು! ದಾರದ ಒಂದೇ ತುಣುಕು ಬಟ್ಟೆಯಲ್ಲಿ ನೆಲೆಗೊಳ್ಳುವ ಮುನ್ನ ಹತ್ತಾರು ಬಾರಿ ಹಿಂದೆ ಮುಂದೆ ಸರಿದಾಡುತ್ತದೆ. ಮಲೆನಾಡಿನಲ್ಲಿ ಮಳೆಗಾಲವೂ ಇದಕ್ಕೆ ಕೈಗೂಡಿಸುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರಿಗೂ ಮೀರಿದ್ದು. ಎಣ್ಣೆಯ ಪೊರೆ ಆರಿದ ಉಕ್ಕಿಗೆ ಇಂಥ ಸೀಮೆಯ ತೇವದ ಗಾಳಿಯೇ ತುಕ್ಕು ಹಿಡಿಸಬಲ್ಲುದು. ತುಕ್ಕಿನ ಕಣಗಳು ಅರದಂತೆ ಉಜ್ಜುತ್ತವೆ. ರೇಯಾನ್ ದಾರವಾದರೋ ಒದ್ದೆಯಾದಾಗ ತನ್ನ ಬಲವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ.

ಹತ್ತಿಯ ಎಳೆಯೊಂದನ್ನು ಮೊನೆಯ ಮೇಲೆ ಎಳೆದು ನೋಡಿದರೆ, ಒರಟಿರುವಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ಅಲ್ಪ ಗೀರನ್ನು ಅತಿ ನಯವಾದ ಉಜ್ಜುಕಾಗದದಿಂದ ತೆಗೆಯಬಹುದು. ಮೊಂಡು ಮೊನೆಯನ್ನು ಅರದಿಂದ ಚೂಪುಮಾಡಿ ದುಡ್ಡು ಉಳಿಸಲೆಳಸುವವರುಂಟು. ನನ್ನ ಮತದಲ್ಲಿ ಅದು ಉಳಿತಾಯವಲ್ಲ. ಅರವು ಮೊನೆಯ ಅಳತೆಯನ್ನು ಕೆಡಿಸುತ್ತದೆ. ಗಡುಸುಗೊಳಿಸಿದ ಹೊರಪದರವನ್ನೂ ಕಳೆಯಬಹುದು.

ಹೊಸ ಕೊಕ್ಕೆಯನ್ನು ಹಾಕುವಾಗ ಮೊದಲು ವಿದ್ಯುತ್ತನ್ನು ನಿಲ್ಲಿಸಿ, ಸೂಜಿ ಹಾಯುವ ತಟ್ಟೆಯನ್ನೂ ಬಾಬಿನ್ ಕೇಸನ್ನೂ ತೆಗೆಯಬೇಕು. ಕೇಸನ್ನು ಹೊತ್ತ ಒಳಬಟ್ಟಲು ಕೊಕ್ಕೆಯೊಡನೆ ತಾನೂ ತಿರುಗದಂತೆ ತಡೆಯುವ, ಬೆರಳಿನಂಥ ತುಂಡೊಂದಿದೆ. ಅದನ್ನು ಬಿಚ್ಚಿ ತಿರುಪುಗಳನ್ನು ಸಡಿಲಿಸಿದರೆ ಹಳೆಯ ಕೊಕ್ಕೆ ಜಾರಿ ಹೊರಬರುತ್ತದೆ. ಹೊಸದನ್ನು ತೂರಿಸುವುದು ಸುಲಭ. ಅದಕ್ಕೆ ಹೊತ್ತುಗೊತ್ತು ಕಲಿಸುವುದೇ ಕಷ್ಟ. ಮುಖ್ಯ ದಂಡವನ್ನು ಕೈಯಿಂದ ತಿರುಗಿಸಿ, ತಯಾರಕರು ಗೊತ್ತುಪಡಿಸಿದ ಡಿಗ್ರಿಯಲ್ಲಿ ನಿಲ್ಲಿಸಿ, ಮೊನೆಯು ಸೂಜಿಯ ನೇರಕ್ಕೆ ಬರುವಂತೆ ಹೊಂದಿಸಬೇಕು. ಎರಡರ ನಡುವಣ ಸಂದು ಕಾಗದದ ಹಾಳೆಯ ದಪ್ಪದಷ್ಟು, ಸುಮಾರು 0.1 ಮಿಲಿಮೀಟರ್. ಸೂಜಿಗೆ ತಗಲಿದರೆ ಹೊಸ ಮೊನೆಯೂ ಹಾಳಾದಂತೆಯೇ. ಒಂದು ತಿರುಪನ್ನು ಬಿಗಿದು, ಮತ್ತೊಮ್ಮೆ ಕೈಯಿಂದ ಸುತ್ತಿಸಿ ನೋಡಿ, ಉಳಿದವನ್ನು ಬಿಗಿಯಬೇಕು. ತಡೆಬೆರಳನ್ನು ಮರಳಿ ಕೂರಿಸುವಾಗ ದಾರ ಸರಾಗವಾಗಿ ಹಾಯುವಷ್ಟು ಎಡೆ ಬಿಡಬೇಕು. ಆಮೇಲೆ ಒಂದು ಹನಿ ಎಣ್ಣೆ. ನಿಧಾನಗತಿಯಲ್ಲಿ ಪರೀಕ್ಷೆಯ ಹೊಲಿಗೆ. ಬಟ್ಟೆಯನ್ನು ಮಗುಚಿದಾಗ, ಒತ್ತಾಗಿ ತುಂಬಿದ ಹೊಲಿಗೆಯ ಪಟ್ಟಿಯಲ್ಲಿ ನಡುವಣ ಮೂರನೆಯ ಒಂದು ಪಾಲು ಕೆಳದಾರವೂ ಎರಡು ಅಂಚುಗಳಲ್ಲಿ ಮೇಲಿನ ದಾರವೂ ಕಂಡರೆ, ಕಾದಿರುವ ರವಿಕೆಯನ್ನು ಚೌಕಟ್ಟಿಗೆ ಏರಿಸಬಹುದು.