ಹಳೆಯ ಪಾಠಶಾಲೆಯಲ್ಲಿ ಹೊಸ ಕಲಾಮಂದಿರ

ಬೆಂಗಳೂರು ದಂಡಿನ ಕಮರ್ಷಿಯಲ್ ಸ್ಟ್ರೀಟಿಗೆ ಜವಳಿ ಕೊಳ್ಳಲು ಹೋಗದ ಗೃಹಸ್ಥರು ನಮ್ಮಲ್ಲಿ ವಿರಳ. ಆ ಗದ್ದಲದ ಬೀದಿಯ ಸಮೀಪದಲ್ಲಿಯೇ, ಹಿಂದೆ ಕ್ಯಾವಲ್ರಿ ರಸ್ತೆಯೆನಿಸಿಕೊಂಡಿದ್ದ ಕಾಮರಾಜ ರಸ್ತೆಯಲ್ಲಿ, ‘ಸಭಾ’ ಎಂಬ ಕಲಾಕೇಂದ್ರವೊಂದಿರುವುದು. ಬಹು ಕಾಲದ ಶಾಲಾಕಟ್ಟಡವೊಂದನ್ನು ದುರಸ್ತಿಮಾಡಿ ಈಚಿನ ವರ್ಷಗಳಲ್ಲಿ ಚಿತ್ರಪ್ರದರ್ಶನ, ಸಂಗೀತ, ಉಪನ್ಯಾಸ, ಕಮ್ಮಟಗಳಿಗೆ ತೆರೆದಿರುವರು.

ಈ ಮನೆಯ ಚರಿತ್ರೆಯಲ್ಲಿ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರ ಹೆಸರು ಸೇರಿಕೊಂಡಿದೆ. ವ್ಯಾಪಾರ ಮತ್ತು ಕಂಟ್ರಾಕ್ಟಿನ ಕೆಲಸಗಳಿಂದ ಮೇಲಕ್ಕೆ ಬಂದ ಈ ಮಹನೀಯರು ೧೮೭೩ರಲ್ಲಿ ದಂಡಿನ ಮಕ್ಕಳಿಗಾಗಿ ಶಾಲೆಯನ್ನು ಸ್ಥಾಪಿಸಿದರು. ೧೮೭೭ರಲ್ಲಿ ಅವರಿಗೆ ‘ರಾಯ್ ಬಹಾದ್ದೂರ್’ ಬಿರುದು ದೊರೆಯಿತು. ಅವರ ಹೆಸರಿನ ವಿದ್ಯಾದಾನ ಸಂಸ್ಥೆಯು ಇಂದಿಗೂ ನಡೆಯುತ್ತಿರುವುದು. ೧೮೬೮ರಲ್ಲಿ ಪೂರ್ಣವಾದ ನಮ್ಮ ಅಠಾರಾ ಕಚೇರಿಯನ್ನು ಕಟ್ಟಿಸಿದ ಕಂಟ್ರಾಕ್ಟುದಾರರೂ ಇವರೇ ಎಂಬುದನ್ನು ಎಷ್ಟು ಜನ ಬಲ್ಲರು?

ಆ ಕೆಂಪು ಸೌಧಕ್ಕೂ ೧೯೮೦ರ ದಶಕದಲ್ಲಿ ವಿಪತ್ತು ಬಂದಿತ್ತು. ಅದನ್ನು ಕೆಡವುವ ಆಲೋಚನೆ ಹುಟ್ಟಿದಾಗ ನಾಗರಿಕರು ಪ್ರತಿಭಟಿಸಿದರು, ಕಟ್ಟಡವು ಉಳಿಯಿತು. ಉಚ್ಚ ನ್ಯಾಯಾಲಯವು ಅಲ್ಲಿಯೇ ನಡೆಯುತ್ತಿರುವುದರಿಂದ ಅದು ಇಂದಿಗೂ ಸಜೀವವಾಗಿದೆ. ಆದರೆ ದಂಡಿನಲ್ಲಿದ್ದ ಎಷ್ಟೋ ಬಂಗಲೆಗಳಿಗೆ ಈ ಭಾಗ್ಯವಿರಲಿಲ್ಲ. ಬಾಗಿಲು ಹಾಕಿದ ಮನೆಗೆ ಮೊದಲು ಗೆದ್ದಲು, ಬಳಿಕ ಮಳೆನೀರು, ಕಡೆಗೆ ಹಾರೆ ಗುದ್ದಲಿಗಳು ಪ್ರವೇಶಿಸುವುವು. ಆದುದರಿಂದ ಹಳೆಯ ಮನೆಗೆ ಹೊಸ ಉದ್ಯೋಗವೇ ಸಂಜೀವಿನಿ.

ದುರಸ್ತಿಯಲ್ಲಿಯೂ ವಿವೇಕವಿರಬೇಕು. ಹಿಂದಿನವರು ಇಟ್ಟಿಗೆಯನ್ನು ಸುಣ್ಣದ ಗಾರೆಯಿಂದ ಕೂಡಿಸುತ್ತಿದ್ದರು. ನೆಲದಿಂದ ಏರುವ ತೇವವು ಸುಣ್ಣದ ಮೂಲಕ ಆರಿಹೋಗುವುದು. ಇಂಥ ಗೋಡೆಗೆ ಸಿಮೆಂಟು ಬಳಿದರೆ ತೇವವು ಒಳಗೇ ನಿಂತು ಇಟ್ಟಿಗೆ ಪುಡಿಯಾಗುವುದು. ಅಜ್ಜನ ಕಾಲದ ಮನೆಯುಳ್ಳವರೆಲ್ಲರೂ ಇದನ್ನು ನೆನಪಿನಲ್ಲಿಡಬೇಕು. ಮೇಸ್ತ್ರಿಯ ಅವಸರಕ್ಕೆ ಒಪ್ಪಿ ಮನೆಯನ್ನು ಕೆಡಿಸಿಕೊಳ್ಳಬಾರದು.

ಕಲೆಯೆಂದರೆ ಸಿರಿವಂತರ ದಿವಾನಖಾನೆಯ ಅಲಂಕಾರವೆಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ. ಕನ್ನಡ, ತಮಿಳು, ಉರ್ದು ಮಾತುಗಳು ಒಂದೇ ಅಂಗಡಿಯ ಮುಂದೆ ಕೇಳಿಬರುವ ಈ ಕೇರಿಯಲ್ಲಿ ಚಿತ್ರಕ್ಕೂ ಗಾನಕ್ಕೂ ಒಂದು ನೆಲೆಯಾಗಿರುವುದು ಸಾಮಾನ್ಯ ಲಾಭವಲ್ಲ. ಆದರೆ ಅದನ್ನು ಉಳಿಸಬೇಕಾದವರು ಸ್ಥಾಪಕರು ಮಾತ್ರವೇ ಅಲ್ಲ. ಮುಂದಿನ ಸಲ ಸೀರೆ ಕೊಳ್ಳಲು ದಂಡಿಗೆ ಹೋದಾಗ ಮಕ್ಕಳ ಕೈಹಿಡಿದು ಒಂದು ಗಳಿಗೆ ಅಲ್ಲಿಗೂ ಹೋಗಿಬರಬಾರದೆ? ಜನರು ಬಂದುಹೋಗುತ್ತಿದ್ದರೆ ಆ ಹಳೆಯ ಬಾಗಿಲು ಮುಚ್ಚಲಾರದು.