ಸತ್ತು ಬದುಕಿದ ಉಪಗ್ರಹ

ಸತ್ತವರು ಇಪ್ಪತ್ತೊಂದು ವರ್ಷಗಳ ತರುವಾಯ ಎದ್ದು ಮಾತನಾಡಿದರೆಂದು ಯಾರಾದರೂ ಹೇಳಿದರೆ ನಾವು ನಕ್ಕು ಸುಮ್ಮನಾಗುತ್ತೇವೆ. ಯಮನ ಕೈಯಿಂದ ಗಂಡನ ಪ್ರಾಣವನ್ನು ಮರಳಿ ತಂದ ಸಾವಿತ್ರಿಯ ಕಥೆ ನಮ್ಮಲ್ಲಿ ಉಂಟು. ಆದರೆ ಅದು ಪುರಾಣದ ಮಾತು. ಭೂಮಿಯಿಂದ ಸಾವಿರದ ನಾನೂರು ಕಿಲೋಮೀಟರಿಗೂ ಮೇಲೆ, ಯಾವ ಮೆಕ್ಯಾನಿಕನ ಕೈಯೂ ಎಟುಕದ ಶೂನ್ಯದಲ್ಲಿ, ಕೆಟ್ಟು ಮೌನವಾಗಿದ್ದ ಯಂತ್ರವೊಂದು ಯಾರ ದುರಸ್ತಿಯೂ ಇಲ್ಲದೆ ತಾನಾಗಿಯೇ ದನಿ ತೆಗೆದದ್ದು ಮಾತ್ರ ಪುರಾಣವಲ್ಲ. ಅದು ೨೦೦೨ನೆಯ ಇಸವಿ ಜೂನ್ ೨೧ರಂದು ಬೆಳಕಿಗೆ ಬಂದ ಸಂಗತಿ.

ಆ ದಿನ ಇಂಗ್ಲೆಂಡಿನ ರೇಡಿಯೋ ಹವ್ಯಾಸಿಯೊಬ್ಬರು ತಮ್ಮ ಗ್ರಾಹಕಯಂತ್ರದ ಮುಂದೆ ಕುಳಿತಿದ್ದಾಗ ಮೋರ್ಸ್ ಸಂಕೇತದ ಮಿಡಿತವೊಂದು ಕಿವಿಗೆ ಬಿದ್ದಿತು. ಅದು ಯಾರ ದನಿ ಎಂದು ವಿಚಾರಿಸಿ ನೋಡುವಲ್ಲಿ ಸೋಜಿಗವೇ ಕಾದಿತ್ತು. ೧೯೮೧ರಲ್ಲಿ ಸತ್ತುಹೋಯಿತೆಂದು ಎಲ್ಲರೂ ಆಸೆ ಬಿಟ್ಟಿದ್ದ 'ಆಸ್ಕರ್-೭' ಎಂಬ ಉಪಗ್ರಹ ಮತ್ತೆ ಉಸಿರಾಡುತ್ತಿತ್ತು! ಸುದ್ದಿ ಹಬ್ಬಿದೊಡನೆ ನಾನಾ ದೇಶಗಳ ಹವ್ಯಾಸಿಗಳು ಮೂಲೆಗೆ ಒರಗಿಸಿದ್ದ ಆಂಟೆನಾಗಳನ್ನು ತೆಗೆದು ಆಕಾಶದ ಕಡೆಗೆ ತಿರುಗಿಸಿದರು.

ಈ ಆಸ್ಕರಿಗೂ ಚಲನಚಿತ್ರದ ಪ್ರಶಸ್ತಿಗೂ ಯಾವ ನಂಟೂ ಇಲ್ಲ. 'ಹವ್ಯಾಸಿ ರೇಡಿಯೋವನ್ನು ಹೊತ್ತು ಕಕ್ಷೆಯಲ್ಲಿ ತಿರುಗುವ ಉಪಗ್ರಹ' ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿದರೆ ಈ ಹೆಸರು ಬರುತ್ತದೆ. ಇದನ್ನು ಕಟ್ಟಿದವರು ಸರ್ಕಾರದವರಲ್ಲ, ದೊಡ್ಡ ಕಂಪೆನಿಯವರೂ ಅಲ್ಲ. ಹಗಲಿನ ಉದ್ಯೋಗ ಮುಗಿಸಿ ಮನೆಗೆ ಬಂದು, ರಾತ್ರಿಯ ಬಿಡುವಿನಲ್ಲಿ ಬೆಸುಗೆಯ ಕಡ್ಡಿ ಹಿಡಿದ ಸಾಮಾನ್ಯ ಗೃಹಸ್ಥರು.

ಹ್ಯಾಮ್ ಎಂದರೆ ಯಾರು?

ಇಂಥವರನ್ನು ಲೋಕವೆಲ್ಲ 'ಹ್ಯಾಮ್' ಎಂಬ ಅಡ್ಡಹೆಸರಿನಿಂದ ಕರೆಯುತ್ತದೆ. ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿ ಪಡೆದು, ತಮಗೆಂದು ಮೀಸಲಾದ ತರಂಗಗಳಲ್ಲಿ ಪರಸ್ಪರ ಮಾತನಾಡುವ ಜನ ಇವರು. ಪ್ರತಿಯೊಬ್ಬರಿಗೂ ಒಂದು ಸಂಕೇತನಾಮ ಉಂಟು. ಭಾರತದವರದಾದರೆ ಅದು ಸಾಮಾನ್ಯವಾಗಿ 'ವಿ.ಯು.' ಎಂಬ ಅಕ್ಷರಗಳಿಂದ ಮೊದಲಾಗುತ್ತದೆ. ಈ ಮಾತುಕತೆಯಿಂದ ಹಣ ಸಂಪಾದಿಸುವಂತಿಲ್ಲ. ವ್ಯಾಪಾರದ ಸುದ್ದಿಯನ್ನು ಸಾಗಿಸುವಂತಿಲ್ಲ. ಹಾಗಾದರೆ ಇದರಿಂದ ಬರುವ ಲಾಭವೇನು? ಊಟಕ್ಕೆ ಕರೆದು ಕರೆದು ಬೇಸತ್ತ ಮನೆಯವರು ಈ ಪ್ರಶ್ನೆಯನ್ನು ಕೇಳದ ಹ್ಯಾಮಿನ ಮನೆ ಎಲ್ಲಿಯೂ ಇರಲಾರದು. ಅದಕ್ಕೆ ತಕ್ಕ ಉತ್ತರವನ್ನು ಮುಂದಿನ ಕಥೆಯೇ ಕೊಡುತ್ತದೆ.

೧೯೫೭ನೆಯ ಅಕ್ಟೋಬರ್ ೪ರಂದು ಸೋವಿಯತ್ ದೇಶ ಮೊದಲ ಸ್ಪುಟ್ನಿಕ್ಕನ್ನು ಹಾರಿಸಿತಷ್ಟೆ. ಅದರ 'ಬೀಪ್, ಬೀಪ್' ಸದ್ದನ್ನು ಮನೆಯಲ್ಲಿಯೇ ಕುಳಿತು ಹಿಡಿದವರಲ್ಲಿ ಹ್ಯಾಮ್‌ಗಳು ಅಸಂಖ್ಯರು. ಅನ್ಯರ ಉಪಗ್ರಹವನ್ನು ಆಲಿಸಿದವರಿಗೆ ನಮ್ಮದೂ ಒಂದು ಇರಬಾರದೇಕೆ ಎಂಬ ಹಂಬಲ ಹುಟ್ಟಿತು. ೧೯೫೯ರಲ್ಲಿ ಅಮೆರಿಕದ ಹವ್ಯಾಸಿ ಪತ್ರಿಕೆಯೊಂದರಲ್ಲಿ ಈ ಸಲಹೆ ಅಚ್ಚಾಯಿತು. ಓದಿದವರಲ್ಲಿ ಕೆಲವರು ನಕ್ಕಿರಬಹುದು. ಕ್ಯಾಲಿಫೋರ್ನಿಯಾದ ಕೆಲವರು ಮಾತ್ರ ನಗದೆ ಕೆಲಸಕ್ಕೆ ಕೈಹಚ್ಚಿದರು.

ನಾಲ್ಕು ಚುಕ್ಕೆ, ಎರಡು ಚುಕ್ಕೆ

ದೊಡ್ಡ ರಾಕೆಟ್ಟುಗಳಲ್ಲಿ ತೂಕವನ್ನು ಸರಿದೂಗಿಸಲು ಲೋಹದ ತುಂಡುಗಳನ್ನು ಇಡುವ ವಾಡಿಕೆ ಇತ್ತು. 'ಆ ನಿರ್ಜೀವ ತುಂಡಿನ ಜಾಗವನ್ನು ನಮಗೆ ಕೊಡಿ' ಎಂಬುದೇ ಹವ್ಯಾಸಿಗಳ ಬೇಡಿಕೆ. ಅಮೆರಿಕದ ವಾಯುಸೇನೆ ಸಮ್ಮತಿಸಿತು. ೧೯೬೧ನೆಯ ಡಿಸೆಂಬರ್ ೧೨ರಂದು ಕ್ಯಾಲಿಫೋರ್ನಿಯಾದ ವಾಂಡೆನ್‌ಬರ್ಗ್ ನೆಲೆಯಿಂದ 'ಡಿಸ್ಕವರರ್-೩೬' ಉಪಗ್ರಹದೊಡನೆ ಆಸ್ಕರ್-೧ ಮೇಲೇರಿತು. ತೂಕ ಕೇವಲ ೪.೫ ಕಿಲೋಗ್ರಾಂ. ಅದನ್ನು ರಾಕೆಟ್ಟಿನಿಂದ ಹೊರಕ್ಕೆ ನೂಕಿದುದು ಅಂಗಡಿಯಲ್ಲಿ ಒಂದು ಡಾಲರಿಗೆ ತುಸು ಮಿಗಿಲಾದ ಬೆಲೆಗೆ ಕೊಂಡು ತಂದಿದ್ದ ಸಾಧಾರಣ ಸ್ಪ್ರಿಂಗ್! ಮುಖ್ಯ ಉಪಗ್ರಹದ ಜೊತೆಗೆ ಸವಾರಿ ಮಾಡಿ, ಬಳಿಕ ಬೇರೆಯಾಗಿ ಸ್ವಂತ ಕಕ್ಷೆಯನ್ನು ಹಿಡಿದ ಮೊದಲ ಪುಟ್ಟ ಉಪಗ್ರಹ ಇದೇ.

ಅದರ ಪ್ರೇಷಕದ ಶಕ್ತಿ ಒಂದು ವಾಟ್‌ನ ಏಳನೆಯ ಒಂದು ಪಾಲು. ಕೈದೀಪದ ಬಲ್ಬು ಕೂಡ ಇದಕ್ಕಿಂತ ಹೆಚ್ಚು ವಿದ್ಯುತ್ತನ್ನು ಬೇಡುತ್ತದೆ. ಅದಕ್ಕೆ ಆಡಲು ಬರುತ್ತಿದ್ದುದು ಒಂದೇ ಮಾತು: ನಾಲ್ಕು ಚುಕ್ಕೆ, ಎರಡು ಚುಕ್ಕೆ. ಮೋರ್ಸ್ ಸಂಕೇತದಲ್ಲಿ ಅದು 'ಹಾಯ್' ಎಂಬ ಸಲಿಗೆಯ ನಮಸ್ಕಾರ. ಆದರೆ ಆ ನಮಸ್ಕಾರದಲ್ಲಿಯೇ ಒಂದು ಜಾಣ್ಮೆ ಅಡಗಿತ್ತು. ಪೆಟ್ಟಿಗೆಯೊಳಗಿನ ಉಷ್ಣತೆ ಬದಲಾದಂತೆ ಸಂಕೇತದ ವೇಗವೂ ಬದಲಾಗುವಂತೆ ಅದನ್ನು ರಚಿಸಿದ್ದರು. ಆದುದರಿಂದ ಗಡಿಯಾರವನ್ನು ಮುಂದಿಟ್ಟುಕೊಂಡು 'ಹಾಯ್'ಗಳನ್ನು ಎಣಿಸಬಲ್ಲ ಶಾಲಾ ಬಾಲಕನೂ ಬಾಹ್ಯಾಕಾಶದಲ್ಲಿ ತೇಲುತ್ತಿದ್ದ ಪೆಟ್ಟಿಗೆಯ ಉಷ್ಣತೆಯನ್ನು ಲೆಕ್ಕಹಾಕಬಹುದಾಗಿತ್ತು. ಬ್ಯಾಟರಿ ಬತ್ತುವವರೆಗೆ, ಸುಮಾರು ಮೂರು ವಾರಗಳ ಅವಧಿಯಲ್ಲಿ, ೨೮ ದೇಶಗಳ ೫೭೦ಕ್ಕೂ ಹೆಚ್ಚು ಹವ್ಯಾಸಿಗಳು ತಾವು ಕೇಳಿದ್ದನ್ನು ಬರೆದು ಕಳುಹಿಸಿದರು.

ಆಕಾಶದ ಸೇತುವೆ

ಉಪಗ್ರಹ ಮಾತನಾಡಿದರೆ ಸಾಲದು, ಅದು ನಮ್ಮ ಮಾತನ್ನೂ ಮುಟ್ಟಿಸಬೇಕು ಎಂಬುದು ಮುಂದಿನ ಹೆಜ್ಜೆ. ಅತಿ ಕಿರಿಯ ರೇಡಿಯೋ ತರಂಗಗಳು ಬೆಳಕಿನಂತೆ ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಭೂಮಿಯ ಬಾಗು ಅವಕ್ಕೆ ಅಡ್ಡ ಬರುತ್ತದೆ. ಗುಡ್ಡದ ನೆತ್ತಿಯಲ್ಲಿ ನಿಂತವನು ಈ ಕಣಿವೆಯವನ ಕೂಗನ್ನು ಆಲಿಸಿ ಆಚೆಯ ಕಣಿವೆಯವನಿಗೆ ಕೂಗಿ ಹೇಳಿದಂತೆ, ಉಪಗ್ರಹವು ಒಂದು ತರಂಗದಲ್ಲಿ ಕೇಳಿದ್ದನ್ನು ಮತ್ತೊಂದು ತರಂಗದಲ್ಲಿ ಮರುನುಡಿಯಬಲ್ಲದು. ೧೯೬೫ನೆಯ ಮಾರ್ಚ್ ೯ರಂದು ಹಾರಿದ ಆಸ್ಕರ್-೩ ಇದನ್ನು ಸಾಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಹಾರಿದ ಆಸ್ಕರ್-೪, ರಾಕೆಟ್ಟಿನ ದೋಷದಿಂದ ಉದ್ದೇಶಿತ ಕಕ್ಷೆಗೆ ಸೇರಲಿಲ್ಲ. ಆದರೂ ಅದರ ಮೂಲಕ ಅಮೆರಿಕದ ಹವ್ಯಾಸಿಗೂ ಸೋವಿಯತ್ ಹವ್ಯಾಸಿಗೂ ನೇರವಾಗಿ ಮಾತುಕತೆ ನಡೆಯಿತು. ಉಪಗ್ರಹದ ಮಾರ್ಗವಾಗಿ ಆ ಎರಡು ದೇಶಗಳ ನಡುವೆ ನಡೆದ ಮೊದಲ ಸಂಭಾಷಣೆ ಅದು. ಎರಡು ರಾಷ್ಟ್ರಗಳು ಅಣ್ವಸ್ತ್ರಗಳನ್ನು ಎದುರುಬದುರಾಗಿ ಹೂಡಿ ನಿಂತಿದ್ದ ಕಾಲದಲ್ಲಿ, ಅವುಗಳ ಇಬ್ಬರು ಪ್ರಜೆಗಳು ದಾರಿ ತಪ್ಪಿದ ಉಪಗ್ರಹವೊಂದರ ನೆರವಿನಿಂದ ಕುಶಲ ವಿಚಾರಿಸಿಕೊಂಡರು!

ಇದೇ ಪರಂಪರೆಯಲ್ಲಿ ೧೯೭೪ನೆಯ ನವೆಂಬರ್ ೧೫ರಂದು ಆಸ್ಕರ್-೭ ಹುಟ್ಟಿತು. ಅಮೆರಿಕ, ಪಶ್ಚಿಮ ಜರ್ಮನಿ, ಕೆನಡಾ, ಆಸ್ಟ್ರೇಲಿಯಾಗಳ ಹವ್ಯಾಸಿಗಳು ಕೂಡಿ ದುಡಿದು ರಚಿಸಿದ, ೨೯ ಕಿಲೋಗ್ರಾಂ ತೂಕದ, ಎಂಟು ಮೈಗಳ ಪೆಟ್ಟಿಗೆ. ಮೈಗೆಲ್ಲ ಸೌರಕೋಶಗಳನ್ನು ಹೊದಿಸಿ, ಒಡಲೊಳಗೆ ಬ್ಯಾಟರಿಗಳನ್ನು ಇಟ್ಟಿದ್ದರು. ಬಿಸಿಲಿನಲ್ಲಿ ಕೋಶಗಳು ವಿದ್ಯುತ್ತನ್ನು ಉತ್ಪಾದಿಸುತ್ತಿದ್ದವು. ಭೂಮಿಯ ನೆರಳನ್ನು ಹೊಕ್ಕಾಗ ಬ್ಯಾಟರಿ ಕೈಹಿಡಿಯುತ್ತಿತ್ತು. ಆರೂವರೆ ವರ್ಷ ಚೆನ್ನಾಗಿ ದುಡಿದ ಮೇಲೆ, ೧೯೮೧ರಲ್ಲಿ ಬ್ಯಾಟರಿಗಳು ಕೆಟ್ಟವು. ಒಳಗೇ ಶಾರ್ಟ್ ಆದ ಬ್ಯಾಟರಿ ತೂತು ಬಿದ್ದ ಕೊಡದಂತೆ; ಸೂರ್ಯನಿಂದ ಬಂದ ವಿದ್ಯುತ್ತೆಲ್ಲ ಅದರ ಮೂಲಕವೇ ಸೋರಿಹೋಗಿ ಪ್ರೇಷಕಕ್ಕೆ ಹನಿಯೂ ದಕ್ಕಲಿಲ್ಲ. ಉಪಗ್ರಹ ಮೂಕವಾಯಿತು.

ಮುಂದೆ ನಡೆದುದೇ ವಿಚಿತ್ರ. ಇಪ್ಪತ್ತೊಂದು ವರ್ಷಗಳ ಬಿಸಿಲು ಚಳಿಗಳಲ್ಲಿ ಬೆಂದು ಹೆಪ್ಪುಗಟ್ಟಿದ ಆ ಬ್ಯಾಟರಿ ಇನ್ನಷ್ಟು ಹಾಳಾಯಿತು. ಎಷ್ಟೆಂದರೆ, ಅದರೊಳಗಿನ ಸಂಪರ್ಕವೇ ಕಡಿದುಹೋಯಿತು! ಸೋರುತ್ತಿದ್ದ ದಾರಿ ಮುಚ್ಚಿತು. ಸೌರಕೋಶಗಳ ವಿದ್ಯುತ್ತು ನೇರವಾಗಿ ಪ್ರೇಷಕವನ್ನು ಮುಟ್ಟಿತು. ಮೊದಲನೆಯ ಕೇಡು ಕೊಂದುದನ್ನು ಎರಡನೆಯ ಕೇಡು ಬದುಕಿಸಿತು. ಅಂದಿನಿಂದ ಅದಕ್ಕೆ ಬಿಸಿಲೇ ಪ್ರಾಣ. ಭೂಮಿಯ ನೆರಳಿಗೆ ಸರಿದಾಗ ನಿದ್ರೆ. ಸೂರ್ಯನ ಬೆಳಕು ತಾಗಿದೊಡನೆ ಎಚ್ಚರ. ಎಚ್ಚತ್ತಾಗ ತನ್ನ ಎರಡು ಸೇತುವೆಗಳಲ್ಲಿ ಯಾವುದನ್ನು ತೆರೆಯುತ್ತದೆಂಬುದನ್ನು ಆಲಿಸಿಯೇ ತಿಳಿಯಬೇಕು. ೨೦೨೪ರ ನವೆಂಬರಿನಲ್ಲಿ ಅದಕ್ಕೆ ಐವತ್ತು ವರ್ಷ ತುಂಬಿದಾಗಲೂ, ಅದು ಹಾರಿದಾಗ ಹುಟ್ಟಿಯೇ ಇರದಿದ್ದ ಹವ್ಯಾಸಿಗಳು ಅದರ ಮೂಲಕ ಮಾತನಾಡುತ್ತಿದ್ದರು.

ಶಿಳ್ಳೆ ಹೇಳಿದ ಗುಟ್ಟು

ಇನ್ನು ಮನೆಯವರ ಪ್ರಶ್ನೆಗೆ ಬರೋಣ. ಇದರಿಂದ ಪ್ರಯೋಜನವೇನು?

ರೈಲುಗಾಡಿ ಶಿಳ್ಳೆ ಹಾಕುತ್ತ ನಿಲ್ದಾಣವನ್ನು ದಾಟಿಹೋಗುವಾಗ ಹತ್ತಿರ ಬರುವ ತನಕ ದನಿ ಏರಿದಂತೆಯೂ, ದಾಟಿದ ಕೂಡಲೇ ಇಳಿದಂತೆಯೂ ಕೇಳುವುದನ್ನು ನಾವೆಲ್ಲ ಬಲ್ಲೆವು. ಉಪಗ್ರಹದ ರೇಡಿಯೋ ದನಿಯೂ ಹಾಗೆಯೇ ಏರಿ ಇಳಿಯುತ್ತದೆ. ಉಪಗ್ರಹದ ಮಾರ್ಗ ತಿಳಿದಿದ್ದರೆ, ಈ ಏರಿಳಿತವನ್ನು ಅಳೆದು, ನೆಲದ ಮೇಲೆ ಕೂಗುತ್ತಿರುವ ಪ್ರೇಷಕ ಎಲ್ಲಿದೆ ಎಂಬುದನ್ನು ಲೆಕ್ಕಹಾಕಬಹುದು. ಕಾಡಿನಲ್ಲಿ ಬಿದ್ದ ವಿಮಾನದಲ್ಲಿ ಅಂಥ ಪುಟ್ಟ ಪ್ರೇಷಕವೊಂದು ಇದ್ದರೆ? ೧೯೭೫ರ ಸುಮಾರಿಗೆ ಕೆನಡಾದ ವಿಜ್ಞಾನಿಗಳು ಈ ಊಹೆಯನ್ನು ಪರೀಕ್ಷಿಸಲು ಬಳಸಿದುದು ಹವ್ಯಾಸಿಗಳ ಆಸ್ಕರ್ ಉಪಗ್ರಹವನ್ನೇ. ಪ್ರಯೋಗ ಫಲಿಸಿತು. ೧೯೭೯ರಲ್ಲಿ ಕೆನಡಾ, ಫ್ರಾನ್ಸ್, ಅಮೆರಿಕ ಮತ್ತು ಸೋವಿಯತ್ ದೇಶಗಳು ಒಂದುಗೂಡಿ 'ಕಾಸ್ಪಾಸ್-ಸಾರ್ಸ್ಯಾಟ್' ಎಂಬ ರಕ್ಷಣಾ ವ್ಯವಸ್ಥೆಗೆ ಅಂಕಿತ ಹಾಕಿದವು. ೧೯೮೨ರ ಸೆಪ್ಟೆಂಬರಿನಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕೆಳಗೆ ಬಿದ್ದ ಸಣ್ಣ ವಿಮಾನವೊಂದರ ಕೂಗು ಸೋವಿಯತ್ ಉಪಗ್ರಹಕ್ಕೆ ಕೇಳಿಸಿತು. ಮೂವರ ಜೀವ ಉಳಿಯಿತು. ಅಂದಿನಿಂದ ಹತ್ತಾರು ಸಾವಿರ ಜನ ಈ ವ್ಯವಸ್ಥೆಯಿಂದ ಬದುಕಿ ಮನೆ ಸೇರಿದ್ದಾರೆ. ಕಡಲಿನ ದೋಣಿಗಳ, ಬಾನಿನ ವಿಮಾನಗಳ ಆರ್ತನಾದವನ್ನು ಭಾರತದಲ್ಲಿ ಆಲಿಸುವ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನಲ್ಲಿಯೇ, ಇಸ್ರೋದ ಇಸ್ಟ್ರಾಕ್ ಸಂಸ್ಥೆಯಲ್ಲಿದೆ.

ಉಪಗ್ರಹವಿಲ್ಲದೆಯೂ ಹ್ಯಾಮ್‌ಗಳು ಆಪದ್ಬಂಧುಗಳಾದುದುಂಟು. ೨೦೦೪ನೆಯ ಡಿಸೆಂಬರ್ ೨೬ರಂದು ಸುನಾಮಿ ಅಂಡಮಾನನ್ನು ಅಪ್ಪಳಿಸಿದಾಗ ಹವ್ಯಾಸಕ್ಕೆಂದೇ ಅಲ್ಲಿಗೆ ಹೋಗಿದ್ದ ಹ್ಯಾಮ್‌ಗಳ ತಂಡವೊಂದು ಪೋರ್ಟ್‌ಬ್ಲೇರಿನಲ್ಲಿತ್ತು. ದೂರವಾಣಿಗಳು ಸತ್ತುಬಿದ್ದಿದ್ದವು. ವಿನೋದಕ್ಕೆಂದು ಕೊಂಡೊಯ್ದ ಯಂತ್ರಗಳೇ ದ್ವೀಪಗಳಿಗೂ ಹೊರಲೋಕಕ್ಕೂ ಕೊಂಡಿಯಾದವು. 'ನಮ್ಮವರು ಕ್ಷೇಮವೆ?' ಎಂದು ಕಾತರಿಸುತ್ತಿದ್ದ ಎಷ್ಟೋ ಮನೆಗಳಿಗೆ ಮೊದಲ ಸುದ್ದಿ ಈ ದಾರಿಯಿಂದ ತಲುಪಿತು.

ಬೆಂಗಳೂರಿನ ಕೊಡುಗೆ

ಅದಾದ ಐದು ತಿಂಗಳೊಳಗೆ, ೨೦೦೫ನೆಯ ಮೇ ೫ರಂದು, ಶ್ರೀಹರಿಕೋಟದಿಂದ ಪಿ.ಎಸ್.ಎಲ್.ವಿ. ರಾಕೆಟ್ಟು ಕಾರ್ಟೋಸ್ಯಾಟ್-೧ರ ಜೊತೆಗೆ 'ಹ್ಯಾಮ್‌ಸ್ಯಾಟ್' ಎಂಬ ೪೨.೫ ಕಿಲೋಗ್ರಾಂ ತೂಕದ ಉಪಗ್ರಹವನ್ನೂ ಕಕ್ಷೆಗೆ ಸೇರಿಸಿತು. ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡ ಇದು ಲೋಕದ ಹವ್ಯಾಸಿಗಳಿಗೆ ಭಾರತ ಕೊಟ್ಟ ಉಡುಗೊರೆ. ಅದರಲ್ಲಿದ್ದ ಎರಡು ಮರುಪ್ರಸಾರ ಯಂತ್ರಗಳಲ್ಲಿ ಒಂದು ಭಾರತೀಯರದು. ಇನ್ನೊಂದನ್ನು ಹಾಲೆಂಡಿನ ತರುಣ ಹವ್ಯಾಸಿಯೊಬ್ಬರು ನಿರ್ಮಿಸಿದ್ದರು. ಎರಡು ವರ್ಷ ಬಾಳಿದರೆ ಸಾಕೆಂದು ಹಾರಿಸಿದ ಉಪಗ್ರಹ ಒಂಬತ್ತು ವರ್ಷಗಳಿಗೂ ಮೀರಿ ಸೇವೆ ಸಲ್ಲಿಸಿತು. ೨೦೧೪ರ ಜುಲೈಯಲ್ಲಿ ಬ್ಯಾಟರಿ ಕೆಟ್ಟು ಅದರ ದನಿ ನಿಂತಾಗ, ತಮ್ಮ ಮೊದಲ ಆಕಾಶಸಂಭಾಷಣೆಯನ್ನು ಅದರ ಮೂಲಕ ನಡೆಸಿದ್ದ ಹವ್ಯಾಸಿಗಳಿಗೆ ಮನೆಯ ಹಿರಿಯರೊಬ್ಬರನ್ನು ಕಳೆದುಕೊಂಡಂತಾಗಿದ್ದರೆ ಆಶ್ಚರ್ಯವಿಲ್ಲ.

ಈ ನಡುವೆ ೨೦೧೦ನೆಯ ಜುಲೈ ೧೨ರಂದು ಬೆಂಗಳೂರು ಮತ್ತು ಹೈದರಾಬಾದಿನ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕೂಡಿ ಕಟ್ಟಿದ 'ಸ್ಟೂಡ್‌ಸ್ಯಾಟ್' ಮೇಲೇರಿತು. ಒಂದು ಕಿಲೋಗ್ರಾಮಿಗೂ ಕಡಿಮೆ ತೂಕದ ಆ ಕೂಸು ತನ್ನ ಇರವನ್ನು ಸಾರಿದುದು ಹವ್ಯಾಸಿಗಳ ತರಂಗದಲ್ಲಿಯೇ. ೨೦೧೮ರ ನವೆಂಬರಿನಲ್ಲಿ ಹಾರಿದ ಕತಾರ್ ದೇಶದ ಉಪಗ್ರಹವೊಂದು ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ, ನೆಲದಿಂದ ನೋಡಿದರೆ ನಿಂತಲ್ಲೇ ನಿಂತಂತೆ ಇದ್ದು, ಬ್ರೆಜಿಲಿನಿಂದ ಥಾಯ್ಲೆಂಡಿನವರೆಗೆ ಹವ್ಯಾಸಿಗಳನ್ನು ಬೆಸೆಯುವಂತಾಯಿತು. ಭಾರತವೂ ಅದರ ದೃಷ್ಟಿಯೊಳಗೇ ಇದೆ. ೧೯೮೩ರಲ್ಲಿ ಓವೆನ್ ಗ್ಯಾರಿಯಟ್ ಎಂಬ ಗಗನಯಾತ್ರಿ 'ಕೊಲಂಬಿಯಾ' ನೌಕೆಯಿಂದ ಹ್ಯಾಮ್‌ಗಳೊಡನೆ ಮಾತನಾಡಿ ಮೇಲ್ಪಂಕ್ತಿ ಹಾಕಿದರು. ಆ ಬಳಿಕ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ನಿವಾಸಿಗಳು ಶಾಲಾಮಕ್ಕಳ ಪ್ರಶ್ನೆಗಳಿಗೆ ರೇಡಿಯೋದಲ್ಲಿ ಉತ್ತರ ಹೇಳುವುದು ರೂಢಿಯಾಯಿತು.

ಇಷ್ಟಾದರೂ ಹವ್ಯಾಸಿಗಳ ಪ್ರೀತಿ ಆ ಹಳೆಯ ಆಸ್ಕರ್-೭ರ ಮೇಲೆಯೇ ಹೆಚ್ಚು. ಅದು ಒಬ್ಬರ ನೆತ್ತಿಯ ಮೇಲಿನ ಆಕಾಶವನ್ನು ದಾಟಿಹೋಗಲು ಹೆಚ್ಚೆಂದರೆ ಇಪ್ಪತ್ತು ನಿಮಿಷ ಹಿಡಿದೀತು. ಅಷ್ಟರಲ್ಲಿ ಆಂಟೆನಾವನ್ನು ತಿರುಗಿಸಬೇಕು, ಏರಿಳಿಯುವ ದನಿಯನ್ನು ಬೆನ್ನಟ್ಟಬೇಕು, ಆಚೆಯವನ ಹೆಸರು ಕೇಳಬೇಕು, ತನ್ನದನ್ನು ಹೇಳಬೇಕು. ಹತ್ತಿರ ಹತ್ತಿರ ಎರಡು ಗಂಟೆಗೊಮ್ಮೆ ಭೂಮಿಯನ್ನು ಸುತ್ತುವ ಆ ಮುದಿ ಯಂತ್ರದಲ್ಲಿ ಬ್ಯಾಟರಿ ಇಲ್ಲ, ದುರಸ್ತಿ ಮಾಡುವವರಿಲ್ಲ. ಮುಂದಿನ ಸುತ್ತಿನಲ್ಲಿ ಅದು ದನಿಗೊಡುವುದೆಂಬ ಭರವಸೆಯೂ ಇಲ್ಲ. ಆದರೂ ಎಲ್ಲಿಯೋ ಒಂದು ಮನೆಯಲ್ಲಿ ಊಟದ ಕರೆಯನ್ನು ಮರೆತವರೊಬ್ಬರು ಮಾಳಿಗೆಯ ಮೇಲೆ ನಿಂತು ಅದಕ್ಕಾಗಿ ಕಿವಿಗೊಟ್ಟಿರುತ್ತಾರೆ. ಎಲ್ಲರೂ ಕೈಬಿಟ್ಟದ್ದನ್ನು ೨೦೦೨ರಲ್ಲಿ ಒಬ್ಬರು ಆಲಿಸುತ್ತಿದ್ದುದರಿಂದಲ್ಲವೆ ಅದು ಬದುಕಿದೆಯೆಂದು ಲೋಕಕ್ಕೆ ತಿಳಿದುದು? ಇನ್ನು ಮೇಲಾದರೂ ಮನೆಯವರು ಅವರ ತಟ್ಟೆಯನ್ನು ಇಪ್ಪತ್ತು ನಿಮಿಷ ಮುಚ್ಚಿಟ್ಟು ಕಾಯಬಹುದು.